ಐದು ವರ್ಷಕ್ಕೆ ಹೋಗುತ್ತೆ ಅಂದಿದ್ದೆ

ವೀಕ್ಷಕರೇ, ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಚಾರಣಿಗರ ಬಗ್ಗೆ ವರದಿ ಮಾಡೋಕೆ ಮಾಕಳಿದುರ್ಗಕ್ಕೆ ಹೋಗಿದ್ವಿ. ದೊಡ್ಡಬಳ್ಳಾಪುರ ದಾಟಿ ಗೌರಿಬಿದನೂರಿನ ಕಡೆ ಹೋಗೋ ಹಳಿಯ ಮೇಲೆ, ಬೆಟ್ಟದ ಬುಡದಲ್ಲೊಂದು ಪುಟ್ಟ ಸ್ಟೇಷನ್ ಇದೆಯಲ್ಲ, ಅಲ್ಲಿ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಕೂತಿದ್ದರು. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ತೀರಿಸಿ ಬಂದಿದ್ದರಂತೆ. ಮಗುವಿನ ಹಣೆಯಿಂದ ಬಲಗೆನ್ನೆವರೆಗೆ, ಕಣ್ಣಿನ ರೆಪ್ಪೆಯೂ ಸೇರಿ, ದ್ರಾಕ್ಷಿ ರಸ ಚೆಲ್ಲಿದ ಹಾಗೆ ಕೆಂಪು ಕಲೆ.

ಅಜ್ಜಿ ನನ್ನನ್ನು ಗುರುತು ಹಿಡಿದರು. "ಏನಮ್ಮಾ, ಟೀವೀಲಿ ನೀನೇ ಅಲ್ವಾ ಹೇಳಿದ್ದು, ಮಕ್ಕಳ ಮೈಮೇಲಿನ ಕೆಂಪು ಮಚ್ಚೆ ಐದು ವರ್ಷಕ್ಕೆ ತಾನಾಗೇ ಹೋಗ್ತದೆ ಅಂತ? ಇವಳಿಗೆ ಆರು ತುಂಬ್ತು. ಎಲ್ಲಿ ಹೋಯ್ತು?"

ಹೇಳಿದ್ದು ನಾನೇ. ಮೂವತ್ತು ಸೆಕೆಂಡಿನ ಆರೋಗ್ಯ ಸುದ್ದಿ. ಓದಿದ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಒಂದೇ ಒಂದು ಬಗೆಯ ಮಚ್ಚೆಗೆ ಸೇರಿದ ಮಾತು. ಆ ಬಗೆಗೊಂದು ಹೆಸರಿದೆ. ಹೆಸರು ಕಷ್ಟ, ವೀಕ್ಷಕರಿಗೆ ಅರ್ಥ ಆಗಲ್ಲ ಅಂತ ಸ್ಕ್ರಿಪ್ಟಿನಿಂದ ನಾನೇ ತೆಗೆದಿದ್ದೆ.

ಹೆಸರು ಹೆಮಾಂಜಿಯೋಮ. ವೈದ್ಯಕೀಯದಲ್ಲಿ ಕೊನೆಗೆ 'ಓಮ' ಅಂತ ಬಂದರೆ ಸಾಮಾನ್ಯವಾಗಿ ಗೆಡ್ಡೆ ಅಂತ ಅರ್ಥ. ಗೆಡ್ಡೆ ಅಂದ ತಕ್ಷಣ ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ. ರಕ್ತನಾಳದ ಒಳಪದರದ ಜೀವಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಬೆಳೆದು ಆದ ಗಂಟು. ಹುಟ್ಟಿದ ದಿನ ಕಾಣೋದೇ ಇಲ್ಲ, ಇಲ್ಲ ಸಣ್ಣ ಗುರುತು ಅಷ್ಟೇ. ಮೊದಲ ಕೆಲವು ವಾರದಲ್ಲಿ ಸರಸರ ಬೆಳೆಯುತ್ತೆ, ಐದು ತಿಂಗಳ ಹೊತ್ತಿಗೆ ಬೆಳವಣಿಗೆ ಬಹುತೇಕ ಮುಗಿಯುತ್ತೆ. ಆಮೇಲೆ ವರ್ಷಗಟ್ಟಲೆ ನಿಧಾನವಾಗಿ ಕರಗುತ್ತೆ. ನಾನು ಓದಿದ್ದು ಇದರ ಕಥೆ.

ಇನ್ನೊಂದು ಮಾತು 'ವ್ಯಾಸ್ಕ್ಯುಲರ್ ಮಾಲ್ಫಾರ್ಮೇಶನ್', ಅಂದರೆ ರಕ್ತನಾಳದ ರಚನೆಯಲ್ಲೇ ಆದ ದೋಷ. ಇದು ಗೆಡ್ಡೆ ಅಲ್ಲ. ಹುಟ್ಟುವಾಗಲೇ ಇರುತ್ತೆ (ಕೆಲವೊಮ್ಮೆ ಕಣ್ಣಿಗೆ ಬೀಳೋದು ತಡ), ಮಗು ಬೆಳೆದ ಹಾಗೆ ತಾನೂ ಬೆಳೆಯುತ್ತೆ, ಕರಗಲ್ಲ. ಎರಡನ್ನೂ ಹೀಗೆ ಬೇರೆ ಮಾಡಿ ತೋರಿಸಿದ್ದು 1982ರಲ್ಲಿ, ಅಮೆರಿಕದ ಬೋಸ್ಟನ್ನಿನ ಜಾನ್ ಮಲ್ಲಿಕೆನ್ ಮತ್ತು ಜೂಲಿ ಗ್ಲೊವಾಕಿ. ಅಲ್ಲಿವರೆಗೆ ಎಲ್ಲಕ್ಕೂ ಹೆಮಾಂಜಿಯೋಮ ಅಂತಲೇ ಬರೀತಿದ್ದರು. ಹಳೇ ಅಭ್ಯಾಸ ಪೂರ್ತಿ ಹೋಗಿಲ್ಲ. ಇವತ್ತಿಗೂ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಕ್ಯಾವರ್ನಸ್ ಹೆಮಾಂಜಿಯೋಮ' ಅಂತ ಬರುತ್ತೆ, ಎಷ್ಟೋ ಸಲ ಅದು ನಿಜಕ್ಕೂ ರಚನೆಯ ದೋಷವೇ.

ನಾನು ಓದಿದ್ದು ಇಂಜಿನಿಯರಿಂಗ್, ಡಾಕ್ಟರಿಕೆ ಅಲ್ಲ. ಪೈಪಿನ ಲೆಕ್ಕದಲ್ಲೇ ಹೇಳ್ತೀನಿ. ದೊಡ್ಡಬಳ್ಳಾಪುರದ ಕಡೆಯ ದ್ರಾಕ್ಷಿ ತೋಟದ ಡ್ರಿಪ್ ನೆನಪಿಸಿಕೊಳ್ಳಿ. ಹೃದಯವೇ ಮೋಟಾರು. ಜೋರು ಒತ್ತಡದ ಮೇನ್ ಪೈಪು ಅಪಧಮನಿ. ಗಿಡದ ಬುಡಕ್ಕೆ ಹನಿ ಹನಿ ಬಿಡೋ ಸಣ್ಣ ನಳಿಗಳು ಲೋಮನಾಳ. ತೋಟದಲ್ಲಿ ನೀರು ವಾಪಸ್ ಬರಲ್ಲ, ಮೈಯಲ್ಲಿ ರಕ್ತ ಬರುತ್ತೆ; ಆ ವಾಪಸ್ ಬರೋ ಲೈನು ಅಭಿಧಮನಿ.

ದೋಷ ಯಾವ ಪೈಪಿನಲ್ಲಿದೆಯೋ ಅದೇ ಹೆಸರು. ಅಭಿಧಮನಿಯಲ್ಲಾದರೆ 'ವೀನಸ್ ಮಾಲ್ಫಾರ್ಮೇಶನ್': ನೀಲಿ ಬಣ್ಣ, ಮೆತ್ತಗೆ, ಒತ್ತಿದರೆ ತಗ್ಗುತ್ತೆ, ಮಗು ಅತ್ತರೆ ಉಬ್ಬುತ್ತೆ. ದುಗ್ಧರಸದ ನಾಳದಲ್ಲಾದರೆ 'ಲಿಂಫ್ಯಾಟಿಕ್': ಹೆಚ್ಚಾಗಿ ಕತ್ತಿನ ಹತ್ತಿರ ನೀರು ತುಂಬಿದ ಚೀಲದ ಹಾಗೆ. ಜಾಗ್ರತೆ ಬೇಕಾದ್ದು 'ಆರ್ಟೀರಿಯೋವೀನಸ್ ಮಾಲ್ಫಾರ್ಮೇಶನ್', ರಿಪೋರ್ಟಿನಲ್ಲಿ ಎವಿಎಂ ಅಂತಿರುತ್ತೆ. ಇಲ್ಲಿ ನಡುವಿನ ಸಣ್ಣ ನಳಿಗಳೇ ಇಲ್ಲ, ಮೇನ್ ಪೈಪನ್ನು ನೇರವಾಗಿ ವಾಪಸ್ ಲೈನಿಗೆ ಜೋಡಿಸಿದ ಹಾಗೆ. ಮುಟ್ಟಿದರೆ ಬಿಸಿ, ಬೆರಳಿಗೆ ಮಿಡಿತ ಗೊತ್ತಾಗುತ್ತೆ. ಇಂಥ ಗಂಟನ್ನು ಸಣ್ಣದು ಅಂತ ಎಲ್ಲೆಂದರಲ್ಲಿ ಕೊಯ್ಸಬೇಡಿ, ರಕ್ತ ನಿಲ್ಲಿಸೋದು ಕಷ್ಟ. ಮೇನ್ ಪೈಪಿಗೆ ಗಂಟು ಹಾಕಿದರಾಯ್ತಲ್ಲ ಅಂತ ನನ್ನ ಇಂಜಿನಿಯರ್ ಬುದ್ಧಿ ಕೇಳಿತ್ತು. ಹಾಕಿದರೆ ಅಕ್ಕಪಕ್ಕದ ನಾಳಗಳು ದಪ್ಪಗಾಗಿ ಇನ್ನೂ ಕೆಡುತ್ತಂತೆ! ಇದು ಮೆದುಳಿನಲ್ಲೂ ಆಗಬಹುದು. ಅದನ್ನು ನೋಡೋಕೆ ನಮ್ಮಲ್ಲಿ ನಿಮ್ಹಾನ್ಸ್ ಇದೆ.

ಅಜ್ಜಿಯ ಮೊಮ್ಮಗಳದು ನೋಡಿದರೆ ಲೋಮನಾಳದ ದೋಷ. ಇಂಗ್ಲಿಷಿನಲ್ಲಿ 'ಪೋರ್ಟ್ ವೈನ್ ಸ್ಟೇನ್' ಅಂತಾರೆ. ಸೋವಿಯತ್ ನಾಯಕ ಗೋರ್ಬಚೆವ್ ಅವರ ತಲೆಯ ಮೇಲಿದ್ದ ಕಲೆ ನೆನಪಿದೆಯಾ? ಅದೇ. ಕೈಕಾಲ ಮೇಲಿದ್ದರೆ ಬರೀ ಬಣ್ಣದ ವಿಷಯ ಇರಬಹುದು. ಹಣೆ, ರೆಪ್ಪೆಯ ಮೇಲಿದ್ದರೆ ಹಾಗಲ್ಲ. ಕೆಲವು ಮಕ್ಕಳಲ್ಲಿ ಅದೇ ದೋಷ ಕಣ್ಣಿನೊಳಗೆ, ಮೆದುಳಿನ ಹೊದಿಕೆಯಲ್ಲೂ ಇರುತ್ತೆ. ಅದಕ್ಕೆ ಸ್ಟರ್ಜ್-ವೆಬರ್ ಸಿಂಡ್ರೋಮ್ ಅಂತ ಹೆಸರು. ಫಿಟ್ಸ್ ಬರಬಹುದು, ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಆಗಿ ದೃಷ್ಟಿ ಹೋಗಬಹುದು. ಹುಟ್ಟಿದ ಕೂಡಲೇ ಕಣ್ಣು ತೋರಿಸಬೇಕಿತ್ತು. ಈ ಮನೆಯವರು ನನ್ನ ಮಾತು ನಂಬಿ ಕಾದಿದ್ದಾರೆ.

ಕಾಯೋ ಮಾತು ಹೆಮಾಂಜಿಯೋಮಕ್ಕೂ ಯಾವಾಗಲೂ ಸರಿಯಲ್ಲ. ಕಣ್ಣು, ಮೂಗು, ತುಟಿ, ಗದ್ದದ ಹತ್ತಿರ ಇದ್ದರೆ, ಹುಣ್ಣಾದರೆ, ಮೊದಲ ತಿಂಗಳಲ್ಲೇ ತೋರಿಸಬೇಕು. ಇದಕ್ಕೆ ಔಷಧಿ ಸಿಕ್ಕ ಕಥೆ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಮಗುವಿಗೆ ಹೃದಯದ ತೊಂದರೆಗೆ ಪ್ರೊಪ್ರನೊಲಾಲ್ ಕೊಟ್ಟರೆ, ಮುಖದ ಹೆಮಾಂಜಿಯೋಮ ಇಳಿಯೋಕೆ ಶುರುವಾಯ್ತು. 2008ರಲ್ಲಿ ಅದು ಪ್ರಕಟವಾಯ್ತು. ಈಗ ಅದೇ ಮೊದಲ ಔಷಧಿ. ಆದರೆ ಮಗುವಿನ ನಾಡಿ, ಸಕ್ಕರೆ ಇಳಿಸಬಹುದು, ಡಾಕ್ಟರು ನೋಡದೆ ಕೊಡೋ ಹಾಗಿಲ್ಲ.

"ಇವಳಮ್ಮ ಬಸುರೀಲಿ ಗ್ರಹಣ ನೋಡಿದ್ಲು, ಅದಕ್ಕೇ ಹಿಂಗಾಯ್ತು," ಅಂದರು ಅಜ್ಜಿ. ಇಲ್ಲೇ ಇನ್ನೊಂದು ಪದ ಬಿಡಿಸಬೇಕು. 'ಕಂಜೆನಿಟಲ್' ಅಂದರೆ ಹುಟ್ಟಿನಿಂದ ಇರೋದು ಅಷ್ಟೇ, ವಂಶದಿಂದ ಬಂದದ್ದು ಅಂತಲ್ಲ. ಪೋರ್ಟ್ ವೈನ್ ಕಲೆಗೆ ಸಾಮಾನ್ಯ ಕಾರಣ ಒಂದು ಜೀನಿನ ಸಣ್ಣ ಬದಲಾವಣೆ ಅಂತ 2013ರಲ್ಲಿ ಗೊತ್ತಾಯ್ತು. ಅದು ಗರ್ಭ ನಿಂತ ಮೇಲೆ ಕೆಲವೇ ಜೀವಕೋಶಗಳಲ್ಲಿ ಆಗೋದು. ಅಪ್ಪ ಅಮ್ಮನಿಂದ ಬಂದದ್ದಲ್ಲ.

ಊರಲ್ಲಿ ಮೊದಲು ಅಂಗನವಾಡಿಯಲ್ಲಿ ಕೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೆ ಮಕ್ಕಳ ತಪಾಸಣೆಗೆ ಬರುತ್ತೆ, ದೊಡ್ಡ ಆಸ್ಪತ್ರೆಗೆ ಚೀಟಿ ಅವರೇ ಕೊಡ್ತಾರೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ಡಾಕ್ಟರನ್ನು ನೇರವಾಗಿ ಕೇಳಿ: ಇದು ಗೆಡ್ಡೆಯೋ, ರಚನೆಯ ದೋಷವೋ? ಯಾವ ನಾಳ?

ಮೊನ್ನೆ ಆ ಮಗುವಿನ ತಾಯಿ ಫೋನ್ ಮಾಡಿದ್ದರು. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಊಟದ ಬಿಡುವಿನಲ್ಲಿ ಮಾತಾಡಿದರು. ಕಣ್ಣಿನ ಒತ್ತಡ ಸದ್ಯಕ್ಕೆ ಸರಿಯಾಗಿದೆಯಂತೆ, ತಪ್ಪದೆ ತೋರಿಸ್ತಾ ಇರಬೇಕಂತೆ, ಕಲೆಗೆ ಲೇಸರ್ ಮಾಡಿದರೆ ತಿಳಿಯಾಗಬಹುದಂತೆ. ಇಡೋ ಮುಂಚೆ ಒಂದು ಕೇಳಿದರು. "ಮೇಡಂ, ಗ್ರಹಣದ ವಿಷಯ ಟೀವೀಲೇ ಒಂದ್ಸಲ ಹೇಳಿಬಿಡಿ. ನಾನು ಹೇಳಿದ್ರೆ ನಮ್ಮತ್ತೆ ನಂಬಲ್ಲ."

ಅಜ್ಜೀ, ಕೇಳಿಸ್ಕೊಳ್ಳಿ. ಗ್ರಹಣದಿಂದ ಆಗಿದ್ದಲ್ಲ. ನಿಮ್ಮ ಸೊಸೆ ಏನೂ ಮಾಡಿಲ್ಲ.