ಹೃದಯದ ಧಮನಿಗಳ ಅಳತೆ: ಲಿಂಗ ಮತ್ತು ಅಪಾಯಕಾರಿ ಅಂಶಗಳು

ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳಗಳನ್ನು ಪರಿಧಮನಿಗಳು ಅಥವಾ ಕರೊನರಿ ಧಮನಿಗಳು ಎನ್ನುತ್ತಾರೆ. ಇವುಗಳಲ್ಲಿ ದೊಡ್ಡದಾದ ಎಡ ಮುಖ್ಯ ಧಮನಿಯ ಒಳವ್ಯಾಸ ಆರೋಗ್ಯವಂತ ವಯಸ್ಕರಲ್ಲಿ ಸುಮಾರು 4.5 ಮಿಲಿಮೀಟರ್ ಮಾತ್ರ. 1992ರಲ್ಲಿ ಅಮೆರಿಕದ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಮಹಿಳೆಯರ ಧಮನಿಗಳ ವ್ಯಾಸ ಪುರುಷರದಕ್ಕಿಂತ ಶೇಕಡಾ 9ರಷ್ಟು ಕಡಿಮೆಯಿರುವುದನ್ನೂ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯುವುದನ್ನೂ ದಾಖಲಿಸಿತು. ಇದು ಅಲ್ಪವೆನಿಸಬಹುದು, ಆದರೆ ದ್ರವದ ಹರಿವು ನಾಳದ ತ್ರಿಜ್ಯದ ನಾಲ್ಕನೇ ಘಾತವನ್ನು ಅವಲಂಬಿಸುತ್ತದೆಂಬ ಪ್ವಾಸೇಯ್ ನಿಯಮದ ಪ್ರಕಾರ, ಒತ್ತಡ ಮತ್ತು ಉದ್ದ ಒಂದೇ ಆಗಿದ್ದರೆ, ಹರಿವು ಸುಮಾರು ಶೇಕಡಾ 30ರಷ್ಟು ತಗ್ಗುತ್ತದೆ. ಜೀವಂತ ಧಮನಿ ಅಷ್ಟು ಸರಳವಾದ ಕೊಳವೆಯಲ್ಲ ಎಂಬುದು ಬೇರೆ ಮಾತು.

ಹೃದ್ರೋಗದ ಅಪಾಯ ಹೆಚ್ಚಿಸುವ ಅಂಶಗಳು ಧಮನಿಯ ಅಳತೆಯ ಮೇಲೆ ಬೀರುವ ಪರಿಣಾಮವಂತೂ ಒಂದೇ ದಿಕ್ಕಿನದಲ್ಲ. ದೀರ್ಘಕಾಲದ ಅಧಿಕ ರಕ್ತದೊತ್ತಡದಿಂದ ಹೃದಯದ ಸ್ನಾಯು ದಪ್ಪವಾದಾಗ, ಅದಕ್ಕೆ ಹೆಚ್ಚು ರಕ್ತ ಬೇಕಾಗುವುದರಿಂದ ಧಮನಿ ಹಿಗ್ಗಬಹುದು. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಅದು ಕಿರಿದಾಗಿರುವುದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಇನ್ನು ಧಮನಿಯ ಗೋಡೆಯೊಳಗೆ ಕೊಬ್ಬು ಶೇಖರವಾದಾಗ, ಧಮನಿ ಹೊರಕ್ಕೆ ಹಿಗ್ಗಿ ರಕ್ತದ ದಾರಿಯನ್ನು ಕಾಯ್ದುಕೊಳ್ಳುತ್ತದೆಂದೂ, ಆ ಶೇಖರಣೆ ನಾಳದ ಅಡ್ಡಕೊಯ್ತದ ಸುಮಾರು ಶೇಕಡಾ 40ನ್ನು ಮೀರಿದ ನಂತರವೇ ದಾರಿ ಕಿರಿದಾಗತೊಡಗುತ್ತದೆಂದೂ 1987ರಲ್ಲಿ ಸೆಮೂರ್ ಗ್ಲಾಗೋವ್ ಮತ್ತು ಸಂಗಡಿಗರು ತೋರಿಸಿದರು. ಆದ್ದರಿಂದ ದೊಡ್ಡ ಧಮನಿಯೆಲ್ಲ ಆರೋಗ್ಯದ ಗುರುತಲ್ಲ. ಆಂಜಿಯೋಗ್ರಾಂನಲ್ಲಿ, ಅಂದರೆ ನಾಳದೊಳಗೆ ವಿಶೇಷ ದ್ರವ ಹಾಯಿಸಿ ತೆಗೆದ ಎಕ್ಸ್-ರೇ ಚಿತ್ರದಲ್ಲಿ, ಸಹಜವಾಗಿ ಕಾಣುವ ಧಮನಿಯ ಗೋಡೆಯಲ್ಲೂ ರೋಗ ಬೆಳೆದಿರಬಹುದು.