ಲಂಡನ್ ಮುಟ್ಟುವ ಕಾರು, ಗುಬ್ಬಿ ಮುಟ್ಟದ ಬಸ್ಸು

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಕೋಟಿ ದಾಟಿ ಕೆಲವು ವರ್ಷಗಳಾದವು. ಕೋಟಿ ಎಂದರೆ ಈಗ ಯಾರೂ ಬೆಚ್ಚುವುದಿಲ್ಲ, ಸೈಟಿನ ಬೆಲೆಯೇ ಅದನ್ನು ದಾಟಿದೆ. ಆದ್ದರಿಂದ ಈ ವಾಹನಗಳನ್ನು ಎಣಿಸುವುದು ಬಿಟ್ಟು ಸಾಲಾಗಿ ನಿಲ್ಲಿಸಿ ನೋಡೋಣ.

ಕಾರುಗಳು 20 ಲಕ್ಷಕ್ಕೂ ಹೆಚ್ಚು. ಗುಜರಿ ಸೇರಿದವೂ ಪಟ್ಟಿಯಲ್ಲಿ ಉಳಿದಿರಬಹುದು, ಹಾಗಾಗಿ ಸರಿಯಾಗಿ 20 ಲಕ್ಷವೇ ಇರಲಿ. ಒಂದಕ್ಕೆ 4 ಮೀಟರ್ ಉದ್ದ ಹಿಡಿದರೆ 8,000 ಕಿ.ಮೀ. ಮೊದಲ ಕಾರನ್ನು ವಿಧಾನಸೌಧದ ಮುಂದೆ ನಿಲ್ಲಿಸಿ, ಬಂಪರಿಗೆ ಬಂಪರ್ ತಾಗಿಸಿ, ವಿಮಾನದ ನೇರ ದಾರಿಯಲ್ಲಿ ಜೋಡಿಸುತ್ತ ಹೋದರೆ ಕೊನೆಯ ಕಾರು ಹತ್ತಿರ ಹತ್ತಿರ ಲಂಡನ್ನಿನಲ್ಲಿ ನಿಲ್ಲುತ್ತದೆ. ಬೈಕು, ಸ್ಕೂಟರುಗಳು 70 ಲಕ್ಷವನ್ನು ಮೀರಿವೆ. ಒಂದಕ್ಕೆ 2 ಮೀಟರಿನಂತೆ 14,000 ಕಿ.ಮೀ. ಗಲ್ಲಿ, ಅಡ್ಡರಸ್ತೆಗಳನ್ನೆಲ್ಲ ಸೇರಿಸಿದರೂ ನಗರದ ರಸ್ತೆಗಳ ಉದ್ದ ಸುಮಾರು 13,000 ಕಿ.ಮೀ. ಅಂದರೆ ಒಂದೊಂದು ರಸ್ತೆಯ ಈ ತುದಿಯಿಂದ ಆ ತುದಿಗೆ ಬೈಕು ನಿಲ್ಲಿಸಿದ ಮೇಲೂ ಒಂದಿಷ್ಟು ಲಕ್ಷ ಬೈಕುಗಳು ಜಾಗವಿಲ್ಲದೆ ಉಳಿಯುತ್ತವೆ. ಎರಡೂ ಸಾಲನ್ನು ಕೂಡಿಸಿದರೆ ಭೂಮಿಯ ಅರ್ಧ ಸುತ್ತಳತೆಗಿಂತ ಹೆಚ್ಚು.

ಇನ್ನು ಬಿಎಂಟಿಸಿ. ಬಸ್ಸುಗಳು ಸುಮಾರು 7,000, ಒಂದಕ್ಕೆ 12 ಮೀಟರ್. ಒಟ್ಟು 84 ಕಿ.ಮೀ. ಮೆಜೆಸ್ಟಿಕ್ಕಿನಿಂದ ಹೊರಟ ಈ ಸಾಲು ತುಮಕೂರು ದಾಟಿ, ಗುಬ್ಬಿ ಸೇರುವ ಮೊದಲೇ ಮುಗಿದುಹೋಗುತ್ತದೆ. ದಿನಕ್ಕೆ 40 ಲಕ್ಷದಷ್ಟು ಪ್ರಯಾಣಗಳನ್ನು ಹೊರುವುದು ಇಷ್ಟೇ ಇಷ್ಟು ಸಾಲು! ಲೆಕ್ಕ ತಪ್ಪಿತೇನೋ ಎಂದು ಯಾರಿಗಾದರೂ ಅನ್ನಿಸಬೇಕು.

ತಪ್ಪಿಲ್ಲ. ಸಂಜೆ ಆರರ ಸಿಗ್ನಲ್ಲಿನಲ್ಲಿ ನಿಂತ ಬಸ್ಸನ್ನು ನೋಡಿ. ಬಾಗಿಲ ಕಂಬಿ ಹಿಡಿದು ಒಬ್ಬರು ಮೆಟ್ಟಿಲ ಮೇಲೆ, ಕಂಡಕ್ಟರ್ ‘ಒಳಗೆ ಹೋಗ್ರೀ, ಮುಂದೆ ಖಾಲಿ ಇದೆ’ ಅನ್ನುತ್ತಲೇ ಇದ್ದಾರೆ, ಖಾಲಿ ಎಲ್ಲಿಯೂ ಇಲ್ಲ. ಅದರೊಳಗೆ 60 ಜನ. ಪಕ್ಕದಲ್ಲಿ ಅಷ್ಟೇ ಉದ್ದದಲ್ಲಿ ಮೂರು ಕಾರು, ಮೂರರಲ್ಲೂ ಕೂಡಿ ನಾಲ್ಕೈದು ಜನ. ಹಸಿರು ದೀಪ ಬಿದ್ದಾಗ ಹಾರನ್ ಹೊಡೆದು ಬಸ್ಸನ್ನೇ ಬೈಯುವವರೂ ಅವರೇ.

ಓಡುವ ಕಾರಿನ ಕಥೆ ಇದಾದರೆ ನಿಂತ ಕಾರಿನದು ಇನ್ನೂ ವಿಚಿತ್ರ. ಬಹುಪಾಲು ಕಾರುಗಳು ದಿನದಲ್ಲಿ ಓಡುವುದು ಎರಡು ಮೂರು ತಾಸು, ಉಳಿದ ಹೊತ್ತೆಲ್ಲ ನಿಂತಲ್ಲೇ. ಒಂದಕ್ಕೆ 12 ಚದರ ಮೀಟರ್ ಎಂದರೆ 20 ಲಕ್ಷ ಕಾರಿಗೆ 24 ಚದರ ಕಿ.ಮೀ. 240 ಎಕರೆಯ ಲಾಲ್‌ಬಾಗ್ ಅಂಥವು 25 ಬೇಕು. ಮನೆ ಹತ್ತಿರ ಒಂದು, ಆಫೀಸಿನ ಹತ್ತಿರ ಒಂದು ಜಾಗ ಎಂದರೆ 50. ಕೆಂಪೇಗೌಡರ ಊರಿನಲ್ಲಿ ಇಷ್ಟು ನೆಲ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಫುಟ್‌ಪಾತ್ ನೋಡಿದರೆ ಸಿಗುತ್ತದೆ.

ಈ ದಟ್ಟಣೆಗೆ ಪರಿಹಾರವೆಂದು ಮುಂದಿಟ್ಟಿರುವುದು ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯ ಸುರಂಗ ರಸ್ತೆ. ಉದ್ದ ಸುಮಾರು 16.7 ಕಿ.ಮೀ., ಅಂದಾಜು ವೆಚ್ಚ 17,700 ಕೋಟಿ ರೂಪಾಯಿಯ ಆಸುಪಾಸು. ಕಿಲೋಮೀಟರಿಗೆ ಸಾವಿರ ಕೋಟಿಗೂ ಮೇಲೆ. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಧಾರಾಳವಾಗಿ ಒಂದೂವರೆ ಕೋಟಿ ಇಟ್ಟರೂ ಸುರಂಗದ ಒಂದು ಕಿ.ಮೀ. ಹಣಕ್ಕೆ 700 ಬಸ್ ಬರುತ್ತವೆ, ಹತ್ತು ಕಿ.ಮೀ. ಹಣಕ್ಕೆ ಇನ್ನೊಂದು ಬಿಎಂಟಿಸಿಯೇ ಬರುತ್ತದೆ. ಡ್ರೈವರ್ ಸಂಬಳ, ಡಿಪೊ ಜಾಗ ಬೇರೆ ಖರ್ಚು ನಿಜ, ಆದರೆ ಸುರಂಗಕ್ಕೂ ದೀಪ, ಗಾಳಿ, ಕಾವಲು ಬೇಕಲ್ಲ.

ಸುರಂಗವಾಗಲಿ, ಮೇಲಿನ ರಸ್ತೆಯಾಗಲಿ, ಒಂದು ಪಥದಲ್ಲಿ ತಾಸಿಗೆ ಹೆಚ್ಚೆಂದರೆ 2,000 ಕಾರು ಹೋಗಬಲ್ಲವು. ಕಾರಿಗೆ ಒಂದೂವರೆ ಜನರಂತೆ 3,000 ಮಂದಿ. ಕೊಲಂಬಿಯಾದ ಬೊಗೊಟಾ 2000ನೇ ಇಸವಿಯಲ್ಲಿ ಬಸ್ಸಿಗೇ ಮೀಸಲಾದ ದಾರಿ ತೆರೆಯಿತು. ಮುಖ್ಯ ಮಾರ್ಗದಲ್ಲಿ ಒಂದು ದಿಕ್ಕಿಗೆ ತಾಸಿಗೆ 40,000ಕ್ಕೂ ಹೆಚ್ಚು ಜನ ಓಡಾಡುತ್ತಾರೆ. ನಮ್ಮಲ್ಲೂ 2019ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೊಂದು ಪಥ ಬಿಟ್ಟಿದ್ದರು, ಮೆಟ್ರೊ ಕಾಮಗಾರಿ ಬಂದ ಮೇಲೆ ಅದು ಹೋಯಿತು. ಅರ್ಧ ನಿಮಿಷಕ್ಕೊಂದರಂತೆ 60 ಜನರ ಬಸ್ ಓಡಿದ್ದರೆ ಆ ಒಂದೇ ಪಥ ತಾಸಿಗೆ 7,200 ಜನರನ್ನು ದಾಟಿಸುತ್ತಿತ್ತು. ಅಷ್ಟು ಜನ ಕಾರಿನಲ್ಲಿ ಹೋಗಬೇಕೆಂದರೆ ಹೆಚ್ಚುಕಡಿಮೆ ಎರಡೂವರೆ ಪಥ ಬೇಕು.