ಲಾಂಜಿನ ಇಡ್ಲಿಗೆ ದುಡ್ಡು ಕೊಟ್ಟೋರು ಯಾರು?

ವರ್ಷಕ್ಕೆ 66 ಸಾವಿರ ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 77,880. ಇದು ಮಗುವಿನ ಸ್ಕೂಲ್ ಫೀಸೂ ಅಲ್ಲ, ಕಾರಿನ ಇನ್ಶೂರೆನ್ಸೂ ಅಲ್ಲ. ಜೇಬಲ್ಲಿ ಒಂದು ಕಾರ್ಡ್ ಇಟ್ಕೊಳ್ಳೋದಕ್ಕೆ ಕೊಡಬೇಕಾದ ದುಡ್ಡು. ಅಮೆರಿಕನ್ ಎಕ್ಸ್‌ಪ್ರೆಸ್‌ನ ಪ್ಲಾಟಿನಂ ಚಾರ್ಜ್ ಕಾರ್ಡ್. ತಿಂಗಳಿಗೆ ಲೆಕ್ಕ ಹಾಕಿದ್ರೆ 6,490 ರೂಪಾಯಿ. ಬೆಂಗಳೂರಿನ ಹೊರವಲಯದಲ್ಲಿ ಈಗಲೂ ಈ ದುಡ್ಡಿಗೆ ಒಂದು ಸಣ್ಣ ಮನೆ ಬಾಡಿಗೆಗೆ ಸಿಗಬಹುದು.

‘ಅಯ್ಯೋ, ಅದೆಲ್ಲ ದೊಡ್ಡೋರ ವಿಷಯ, ನಮಗ್ಯಾಕೆ’ ಅಂತ ಚಾನೆಲ್ ಬದಲಾಯಿಸಬೇಡಿ. ನಿಮ್ಮ ಪರ್ಸಿನಲ್ಲಿರೋ ಎರಡು ಸಾವಿರ, ಮೂರು ಸಾವಿರ ಶುಲ್ಕದ ಕಾರ್ಡ್ ಇದೆಯಲ್ಲ, ವಿಮಾನದ ಚಿತ್ರ ಇರೋದು, ಅದರ ಆಟವೂ ಇದೇ. ಮೊತ್ತ ಚಿಕ್ಕದು, ಅಷ್ಟೇ.

ಮೊದಲು ಈ ಚಾರ್ಜ್ ಕಾರ್ಡ್ ಅಂದ್ರೆ ಏನು ಅಂತ ನೋಡೋಣ. ಕ್ರೆಡಿಟ್ ಕಾರ್ಡಿನಲ್ಲಿ ಬಿಲ್ ಬಂದಾಗ ‘ಮಿನಿಮಮ್ ಡ್ಯೂ’ ಅಂತ ಒಂದು ಸಣ್ಣ ಮೊತ್ತ ಕಟ್ಟಿ ಉಳಿದದ್ದನ್ನು ಮುಂದಕ್ಕೆ ತಳ್ಳಬಹುದು. ಚಾರ್ಜ್ ಕಾರ್ಡಿನಲ್ಲಿ ಆ ಬಾಗಿಲೇ ಇಲ್ಲ. ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ಕಟ್ಟದಿದ್ರೆ ದಂಡ, ಆಮೇಲೆ ಕಾರ್ಡ್ ಬಂದ್. ಖರ್ಚಿಗೆ ಮೊದಲೇ ನಿಗದಿಯಾದ ಮಿತಿ ಇಲ್ಲ ಅಂತಾರೆ. ಹಾಗಂತ ಮಿತಿಯೇ ಇಲ್ಲ ಅಂತ ಅರ್ಥ ಅಲ್ಲ, ನಿಮ್ಮ ಆದಾಯ ಮತ್ತು ಹಿಂದಿನ ಖರ್ಚು ನೋಡಿ ಅವರೇ ಒಳಗೊಳಗೆ ತೀರ್ಮಾನ ಮಾಡ್ತಾರೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಈ ಕಾರ್ಡಿನ ನಿಜವಾದ ಒಳ್ಳೆ ಗುಣ ಲಾಂಜೂ ಅಲ್ಲ, ಹೋಟೆಲ್ಲೂ ಅಲ್ಲ, ಈ ಕಟ್ಟುನಿಟ್ಟು. ಕ್ರೆಡಿಟ್ ಕಾರ್ಡಿನಲ್ಲಿ ಒಂದು ಲಕ್ಷ ಬಾಕಿ ಉಳಿಸಿಕೊಂಡ್ರಿ ಅಂದ್ಕೊಳ್ಳಿ. ತಿಂಗಳಿಗೆ ಶೇ 3.5 ಬಡ್ಡಿ ಅಂದ್ರೆ 3,500. ಬಡ್ಡಿಯ ಮೇಲೂ ಜಿಎಸ್‌ಟಿ ಇದೆ ಸ್ವಾಮಿ, 630 ರೂಪಾಯಿ. ತಿಂಗಳಿಗೆ 4,130. ನಮ್ಮ ಊರುಗಳ ಮೀಟರ್ ಬಡ್ಡಿಯವರನ್ನು ಬೈತೀವಲ್ಲ, ಇವರು ಟೈ ಕಟ್ಟಿದ್ದಾರೆ ಅನ್ನೋದೊಂದೇ ವ್ಯತ್ಯಾಸ. ಹಾಗೆ ಬಾಕಿ ಉಳಿಸಿಕೊಳ್ಳೋರು ಲಾಂಜಿನಲ್ಲಿ ಎಷ್ಟು ಇಡ್ಲಿ ತಿಂದ್ರೂ ಲಾಭ ಆಗೋದಿಲ್ಲ.

ಈ ಕಾರ್ಡುಗಳು ಹುಟ್ಟಿದ್ದೇ ಊಟ ಮತ್ತು ಪ್ರಯಾಣದ ಸುತ್ತ. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಬಂತು, ಹೋಟೆಲಿನಲ್ಲಿ ಉಂಡು ಲೆಕ್ಕ ಬರೆಸೋದಕ್ಕೆ. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ತನ್ನ ಕಾರ್ಡ್ ತಂತು. ಆ ಕಂಪನಿ ಅದಕ್ಕೂ ಮೊದಲು, 1891ರಿಂದಲೇ, ಪ್ರವಾಸಿಗಳಿಗೆ ಟ್ರಾವೆಲರ್ಸ್ ಚೆಕ್ ಮಾರ್ತಿತ್ತು. ಪರದೇಶದಲ್ಲಿ ನಗದು ಹೊತ್ತುಕೊಂಡು ಓಡಾಡೋ ಭಯ ಇದ್ದ ಕಾಲ ಅದು. ಆಗ ಕಾರ್ಡ್ ಅಂದ್ರೆ ಒಂದು ಧೈರ್ಯ. ಇವತ್ತು ಚಿಕ್ಕಪೇಟೆಯ ಗಲ್ಲಿಯಲ್ಲಿ ಕ್ಯೂಆರ್ ಕೋಡ್ ಇದೆ. ಅದೇ ಅಂಗಡಿಯಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡ್ ಕೊಟ್ಟು ನೋಡಿ, ಮಾಲೀಕ ತಲೆ ಅಲ್ಲಾಡಿಸ್ತಾನೆ. ಯಾಕೆ?

ಯಾಕೆ ಅನ್ನೋದರಲ್ಲೇ ಇಡೀ ಕಥೆ ಇದೆ. ನೀವು ಕಾರ್ಡ್ ಉಜ್ಜಿದಾಗಲೆಲ್ಲ ಅಂಗಡಿಯವನು ನೂರಕ್ಕೆ ಇಷ್ಟು ಅಂತ ಬ್ಯಾಂಕಿಗೆ ಕೊಡಬೇಕು. ಬ್ಯಾಂಕ್ ಖಾತೆಯಿಂದ ನೇರ ಹೋಗುವ ಯುಪಿಐ ಪಾವತಿಗೆ 2020ರ ಜನವರಿಯಿಂದ ಅಂಗಡಿಯವನಿಗೆ ಆ ಶುಲ್ಕ ಇಲ್ಲ. ಅಂದ್ರೆ ನಿಮ್ಮ ರಿವಾರ್ಡ್ ಪಾಯಿಂಟ್ ಆಕಾಶದಿಂದ ಉದುರಿದ್ದಲ್ಲ. ಅಂಗಡಿಯವನ ಲಾಭದಿಂದ ಸ್ವಲ್ಪ, ನಿಮ್ಮದೇ ವಾರ್ಷಿಕ ಶುಲ್ಕದಿಂದ ಸ್ವಲ್ಪ, ಬಾಕಿ ಉಳಿಸಿಕೊಂಡು ಬಡ್ಡಿ ಕಟ್ಟೋ ಯಾರೋ ಪುಣ್ಯಾತ್ಮನಿಂದ ಸ್ವಲ್ಪ. ಲಾಂಜಿನಲ್ಲಿ ನೀವು ತಿನ್ನೋ ಇಡ್ಲಿಯ ಬಿಲ್ ಕಟ್ಟಿದೋರು ಇವರೆಲ್ಲ.

ಈಗ ಆ ಲಾಂಜಿನ ವಿಷಯಕ್ಕೆ ಬರೋಣ. ಎರಡು ರೂಪಾಯಿ ಉಜ್ಜಿ ಒಳಗೆ ಹೋಗಿ ಹೊಟ್ಟೆ ತುಂಬಾ ತಿಂದು ಬರೋದು ನಮ್ಮಲ್ಲಿ ಒಂದು ಹಬ್ಬವೇ ಆಗಿಹೋಗಿತ್ತು. ನಿಮ್ಮಿಂದ ಎರಡು ರೂಪಾಯಿ, ಆದರೆ ಪ್ರತಿ ತಲೆಗೂ ಬ್ಯಾಂಕ್ ಲಾಂಜಿನವರಿಗೆ ನೂರಾರು ರೂಪಾಯಿ ಕೊಡಬೇಕು. ಎಲ್ಲರ ಕೈಗೂ ಕಾರ್ಡ್ ಬಂದ ಮೇಲೆ ಲಾಂಜ್ ಬಾಗಿಲಲ್ಲಿ ಕ್ಯೂ ಶುರುವಾಯ್ತು. ಗದ್ದಲದಿಂದ ತಪ್ಪಿಸಿಕೊಳ್ಳೋಕೆ ಇದ್ದ ಜಾಗದಲ್ಲೇ ಗದ್ದಲ. ಬ್ಯಾಂಕುಗಳು ಲೆಕ್ಕದ ಪುಸ್ತಕ ತೆಗೆದವು. ಎಚ್‌ಡಿಎಫ್‌ಸಿ ಬ್ಯಾಂಕ್ 2023ರ ಡಿಸೆಂಬರ್ 1ರಿಂದ ತನ್ನ ರೆಗಾಲಿಯಾ ಕಾರ್ಡಿಗೆ ಷರತ್ತು ಹಾಕ್ತು: ಮೂರು ತಿಂಗಳಲ್ಲಿ ಒಂದು ಲಕ್ಷ ಖರ್ಚು ಮಾಡಿದ್ರೆ ಮಾತ್ರ ದೇಶದೊಳಗಿನ ಲಾಂಜ್. ಐಸಿಐಸಿಐ 2024ರ ಏಪ್ರಿಲ್‌ನಿಂದ ಹಲವು ಕಾರ್ಡುಗಳಿಗೆ ಹಿಂದಿನ ಮೂರು ತಿಂಗಳಲ್ಲಿ 35 ಸಾವಿರ ಅಂತು. ಬ್ಯಾಂಕಿಗೂ ಲಾಂಜಿಗೂ ಮಧ್ಯೆ ನಿಂತಿದ್ದ ದೊಡ್ಡ ಕಂಪನಿ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲಾಂಜ್ ವ್ಯವಹಾರವನ್ನೇ ನಿಲ್ಲಿಸಿಬಿಡ್ತು.

ಇದರಲ್ಲಿ ಮೋಸಗಾರರೂ ದಾರಿ ಹುಡುಕಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಒಬ್ಬ ಮಹಿಳೆ ಲಾಂಜಿಗೆ ಹೋಗೋಕೆ ಅಂತ ಒಂದು ಆ್ಯಪ್ ಹಾಕಿಕೊಂಡು 87 ಸಾವಿರಕ್ಕೂ ಹೆಚ್ಚು ಕಳೆದುಕೊಂಡರು. ಆ ಆ್ಯಪ್ ನಕಲಿ. ಲಾಂಜಿನ ಬಾಗಿಲಲ್ಲಿ ಯಾರೇ ಲಿಂಕ್ ಕಳಿಸಿದ್ರೂ ಮುಟ್ಟಬೇಡಿ, ನಿಮ್ಮ ಬ್ಯಾಂಕಿನ ಆ್ಯಪಿನಲ್ಲೇ ನೋಡಿ.

ನನಗೆ ಹೆಚ್ಚು ಚಿಂತೆ ಇರೋದು ಆ ಒಂದು ಲಕ್ಷದ ಷರತ್ತಿನ ಬಗ್ಗೆ. ಮಾರ್ಚ್ ಕೊನೆ ವಾರ, ಖರ್ಚು 88 ಸಾವಿರಕ್ಕೆ ನಿಂತಿದೆ. ಇನ್ನು 12 ಸಾವಿರ ಆದ್ರೆ ಲಾಂಜ್ ಸಿಗುತ್ತೆ. ಬೇಕಿಲ್ಲದ ಒಂದು ಏರ್ ಫ್ರೈಯರ್ ಮನೆಗೆ ಬರುತ್ತೆ. ಉಚಿತ ತಿಂಡಿಗಾಗಿ 12 ಸಾವಿರ! ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಇದನ್ನು ಉಳಿತಾಯ ಅಂತ ಕರೀತಾರಲ್ಲ, ಅದನ್ನು ಕೇಳಿದಾಗ ಸಂಕಟ ಆಗುತ್ತೆ.

ಪಾಯಿಂಟುಗಳದ್ದು ಇನ್ನೊಂದು ಕಥೆ. ಪಾಯಿಂಟ್ ಅಂದ್ರೆ ರೂಪಾಯಿ ಅಲ್ಲ. ಅದರ ಬೆಲೆ ಎಷ್ಟು ಅಂತ ಹೇಳೋದು ಕೊಟ್ಟವರು. ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ 2012ರಲ್ಲಿ ನೆಲಕ್ಕಿಳಿದಾಗ ಕಿಂಗ್ ಕ್ಲಬ್ ಮೈಲ್ಸ್ ಕೂಡಿಟ್ಟವರನ್ನು ಕೇಳಿ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2024ರ ನವೆಂಬರ್‌ನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋಯಿತು, ಅದರ ಹೆಸರಿನ ಕಾರ್ಡುಗಳೂ ಅಂಗಡಿ ಮುಚ್ಚಿದವು. ಪಾಯಿಂಟನ್ನು ಚಿನ್ನದ ಹಾಗೆ ಕೂಡಿಡಬೇಡಿ. ಅದು ಹಾಲಿದ್ದ ಹಾಗೆ, ಬೇಗ ಬಳಸಬೇಕು.

ಹಾಗಾದ್ರೆ ಕಾರ್ಡ್ ಬೇಕಾ, ಬೇಡ್ವಾ? ಲೆಕ್ಕ ಹಾಕೋ ರೀತಿ ಹೇಳ್ತೀನಿ. ಜಾಹೀರಾತಿನಲ್ಲಿ ‘ಹತ್ತು ಸಾವಿರದ ಹೋಟೆಲ್ ವೋಚರ್’ ಅಂತ ಇರುತ್ತೆ. ಅದನ್ನು ಹತ್ತು ಸಾವಿರ ಅಂತ ಬರ್ಕೋಬೇಡಿ. ಆ ವೋಚರ್ ಇಲ್ಲದಿದ್ರೆ ಮೈಸೂರಲ್ಲಿ ಎಷ್ಟರ ರೂಮ್ ತಗೊಳ್ತಿದ್ರಿ? ಮೂರು ಸಾವಿರದ್ದಾ? ಹಾಗಾದ್ರೆ ನಿಮ್ಮ ಪಾಲಿಗೆ ಅದರ ಬೆಲೆ ಮೂರು ಸಾವಿರ. ಹೋಗೋ ಯೋಚನೆಯೇ ಇರಲಿಲ್ಲ ಅಂದ್ರೆ ಸೊನ್ನೆ. ಇನ್ನು ಆ ಹೋಟೆಲಿಗೆ ಹೋದ ಮೇಲೆ ಒಂದು ಕಾಫಿಗೆ ಮುನ್ನೂರು ಕೊಡ್ತೀರಲ್ಲ, ಅದನ್ನು ಕಳೀರಿ. ಲಾಂಜ್ ಕೂಡ ಹಾಗೇ. ಬಾಗಿಲಲ್ಲಿ ಹಾಕಿರೋ ದರ ಬಿಡಿ, ಅಲ್ಲಿ ತಿನ್ನದಿದ್ರೆ ನೀವು ಹೊರಗೆ ಎಷ್ಟು ಖರ್ಚು ಮಾಡ್ತಿದ್ರಿ? ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗೋರಾದ್ರೆ ಅದೂ ಸೊನ್ನೆ.

ವಿದೇಶಕ್ಕೆ ಹೋಗೋರು ಇನ್ನೊಂದು ಸಾಲು ಸೇರಿಸಿ. ಬಹಳಷ್ಟು ಕಾರ್ಡುಗಳು ವಿದೇಶಿ ಕರೆನ್ಸಿ ಖರ್ಚಿನ ಮೇಲೆ ಶೇ 3.5ರಷ್ಟು ಹೆಚ್ಚುವರಿ ಹಾಕ್ತವೆ, ಮತ್ತೆ ಅದಕ್ಕೆ ಜಿಎಸ್‌ಟಿ. ಎರಡು ಲಕ್ಷ ಖರ್ಚಾದ್ರೆ 8,260 ರೂಪಾಯಿ ಹೋಯ್ತು. ಪ್ರಯಾಣದ ಕಾರ್ಡ್ ಅಂತ ಹೆಸರಿದ್ದ ಮಾತ್ರಕ್ಕೆ ಇದು ಕಡಿಮೆ ಇರಬೇಕು ಅಂತೇನಿಲ್ಲ.

ಹೀಗೆ ಪ್ರಾಮಾಣಿಕವಾಗಿ ಬರೆದ ಮೇಲೂ ಮೊತ್ತ 77,880 ದಾಟಿದ್ರೆ ತಗೊಳ್ಳಿ, ಖಂಡಿತಾ ತಗೊಳ್ಳಿ. ತಿಂಗಳಿಗೆ ಮೂರು ನಾಲ್ಕು ಸಲ ವಿಮಾನ ಹತ್ತೋರು, ಕೆಲಸದ ಮೇಲೆ ದೊಡ್ಡ ಹೋಟೆಲಿನಲ್ಲಿ ಉಳಿಯಲೇಬೇಕಾದೋರು, ಶುಲ್ಕವನ್ನು ಕಂಪನಿಯೇ ಕಟ್ಟೋ ಅದೃಷ್ಟವಂತರು, ಇಂಥವರಿಗೆ ಅದು ದಾಟಬಹುದು. ವರ್ಷಕ್ಕೆ ಎರಡು ಸಲ ಹುಬ್ಬಳ್ಳಿಗೋ ಮಂಗಳೂರಿಗೋ ಹಾರೋರಿಗೆ ದಾಟೋದಿಲ್ಲ. ಅವರಿಗೆ ಶುಲ್ಕವಿಲ್ಲದ ಒಂದು ಸಾದಾ ಕಾರ್ಡ್ ಸಾಕು, ಬಿಲ್ ಪೂರ್ತಿ ಕಟ್ಟೋ ಅಭ್ಯಾಸ ಇದ್ರೆ.

ಈಗಾಗಲೇ ತಗೊಂಡು ಸಿಕ್ಕಿಹಾಕಿಕೊಂಡಿದ್ದೀರಾ? ಮುಂದಿನ ವರ್ಷದ ಶುಲ್ಕ ಬೀಳೋ ತಿಂಗಳು ಯಾವುದು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದಕ್ಕೆ ಮೊದಲೇ ಇದ್ದಬದ್ದ ಪಾಯಿಂಟ್ ಬಳಸಿ, ಬಾಕಿ ಕಟ್ಟಿ, ಕಾರ್ಡ್ ಮುಚ್ಚೋಕೆ ಬರಹದಲ್ಲೇ ಕೇಳಿ. ಫೋನಿನಲ್ಲಿ ‘ಸರ್, ಇನ್ನೊಂದು ಆಫರ್ ಇದೆ’ ಅಂತ ಜೇನು ಸುರಿಸ್ತಾರೆ, ಸುರಿಸಲಿ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನ ಇದೆ: ಬಾಕಿ ಇಲ್ಲದಿದ್ರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ಮುಚ್ಚದಿದ್ರೆ ಆಮೇಲಿನ ಪ್ರತಿ ದಿನಕ್ಕೂ ಬ್ಯಾಂಕೇ ನಿಮಗೆ 500 ರೂಪಾಯಿ ಕೊಡಬೇಕು.